ಬಿಸಿಲಿನಲ್ಲಿ ದುಡಿಯುವ ಎತ್ತಿನ ಸ್ನಾಯುಗಳಲ್ಲಿ ಆಗುವುದೇನು?

ಮುಂಗಾರಿಗೆ ಮುನ್ನ ಒಂದೆರಡು ಹದ ಮಳೆ ಬಿದ್ದೊಡನೆ ಉಳುಮೆಗೆ ಅವಸರವಾಗುತ್ತದೆ. ಭರಣಿ, ಕೃತ್ತಿಕಾ ಮಳೆಗಳ ಈ ಕಾಲವೇ ಬಯಲುಸೀಮೆಯಲ್ಲಿ ವರ್ಷದ ಅತಿ ಹೆಚ್ಚು ಬಿಸಿಲಿನ ಕಾಲವೂ ಆಗಿರುತ್ತದೆ. ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಉಷ್ಣಾಂಶ 40° ಸೆಂ. ದಾಟುವುದು ಸಾಮಾನ್ಯ. ಸುಗ್ಗಿ ಮುಗಿದ ಮೇಲೆ ಎರಡು ಮೂರು ತಿಂಗಳು ಕೆಲಸವಿಲ್ಲದೆ ಕೊಟ್ಟಿಗೆಯಲ್ಲಿ ನಿಂತು, ಒಣ ಕಣಿಕೆಯನ್ನಷ್ಟೇ ತಿಂದು ಸೊರಗಿದ ಎತ್ತುಗಳು ಒಮ್ಮೆಗೇ ನೊಗಕ್ಕೆ ಬರುವುದೂ ಇದೇ ದಿನಗಳಲ್ಲಿ. ಹೊಲದ ನಡುವೆ ಎತ್ತು ನಾಲಿಗೆ ಚಾಚಿ ನೊರೆ ಸುರಿಸುತ್ತಾ ಕುಸಿಯುವುದು, ಇಲ್ಲವೇ ಮರುದಿನ ಹಿಂಗಾಲು ಬಿಗಿದುಕೊಂಡು ಏಳಲಾರದೆ ಹೋಗುವುದು ರೈತರು ಕಾಣದ ಸಂಗತಿಯೇನಲ್ಲ. "ಬಿಸಿಲು ಬಡಿಯಿತು" ಎಂದು ಹೇಳಿ ಸುಮ್ಮನಾಗುವುದು ರೂಢಿಯಾಗಿದೆ.

ಬಿಸಿಲು ಬಡಿದಾಗ ಪೆಟ್ಟು ಬೀಳುವ ಮುಖ್ಯ ಸ್ಥಳಗಳಲ್ಲಿ ಒಂದು ಸ್ನಾಯು. ಅದರಲ್ಲಿಯೂ ಸ್ನಾಯುವನ್ನು ರಚಿಸಿರುವ ಪ್ರೋಟೀನುಗಳು. ಈ ಪೆಟ್ಟನ್ನು ಸರಿಪಡಿಸಿಕೊಳ್ಳುವ ಏರ್ಪಾಡು ಪ್ರತಿಯೊಂದು ಪ್ರಾಣಿಯ ದೇಹದಲ್ಲಿಯೂ ಇದೆ. ಆದರೆ ಆ ಏರ್ಪಾಡಿಗೆ ಸಮಯ ಬೇಕು, ಮೇವು ಬೇಕು, ವಿಶ್ರಾಂತಿ ಬೇಕು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದರೆ ಎತ್ತನ್ನು ಎಷ್ಟು ಹೊತ್ತು ಹೂಡಬೇಕು, ಎಷ್ಟು ದಿನದಲ್ಲಿ ಪೂರ್ತಿ ಕೆಲಸಕ್ಕೆ ತರಬೇಕು ಎಂಬ ಲೆಕ್ಕ ಸುಲಭವಾಗುತ್ತದೆ.

ಸ್ನಾಯುವೇ ಒಂದು ಒಲೆ

ಎತ್ತಿಗೆ ಶಾಖ ಎರಡು ಕಡೆಯಿಂದ ಬರುತ್ತದೆ. ಹೊರಗಿನ ಬಿಸಿಲಿನದು ಒಂದು. ಎಲ್ಲರ ಕಣ್ಣಿಗೂ ಕಾಣುವಂಥದು. ಇನ್ನೊಂದು ಅದರ ಸ್ನಾಯುಗಳೇ ಉತ್ಪಾದಿಸುವ ಶಾಖ. ಸ್ನಾಯು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಸುಮಾರು ಕಾಲು ಭಾಗ ಮಾತ್ರ ನೇಗಿಲೆಳೆಯುವ ಕೆಲಸಕ್ಕೆ ಸಲ್ಲುತ್ತದೆ. ಉಳಿದ ಮುಕ್ಕಾಲು ಭಾಗ ಶಾಖವಾಗಿ ಮಾರ್ಪಡುತ್ತದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಜೊತೆ ಎತ್ತುಗಳು ಸುಮಾರು ಒಂದು ಅಶ್ವಶಕ್ತಿಯಷ್ಟು ಕೆಲಸ ಕೊಡುತ್ತವೆ ಎಂದಿಟ್ಟುಕೊಂಡರೆ, ಒಂದು ಎತ್ತಿನ ಪಾಲು ಅರ್ಧ ಅಶ್ವಶಕ್ತಿ. ಅದರ ಮೂರು ಪಟ್ಟು ಶಾಖವಾಗುವುದರಿಂದ ನಿಮಿಷಕ್ಕೆ ಸುಮಾರು 16 ಕಿಲೋ ಕ್ಯಾಲೊರಿ ಶಾಖ ಎತ್ತಿನ ಮೈಯೊಳಗೆ ಸೇರುತ್ತದೆ. 400 ಕಿ.ಗ್ರಾಂ. ತೂಕದ ಎತ್ತಿನ ಮೈ ಒಂದು ಡಿಗ್ರಿ ಸೆಂ. ಬಿಸಿಯಾಗಲು ಸುಮಾರು 330 ಕಿಲೋ ಕ್ಯಾಲೊರಿ ಸಾಕು. ಅಂದರೆ, ಈ ಶಾಖವನ್ನು ಹೊರಹಾಕಲು ದಾರಿಯೇ ಇಲ್ಲದಿದ್ದರೆ ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಡಿಗ್ರಿಯಂತೆ ಮೈ ಕಾಯುತ್ತಾ ಹೋಗುತ್ತದೆ. ಎತ್ತಿನ ಸಹಜ ಉಷ್ಣಾಂಶ ಸುಮಾರು 38.5° ಸೆಂ.; 41.5° ದಾಟಿದರೆ ಪ್ರಾಣಕ್ಕೆ ಅಪಾಯ. ನಡುವೆ ಇರುವ ಅಂತರ ಮೂರೇ ಡಿಗ್ರಿ.

ಈ ಶಾಖವನ್ನು ಹೊರಹಾಕಲು ಎತ್ತಿಗಿರುವ ಮುಖ್ಯ ಉಪಾಯವೆಂದರೆ ಬೆವರು ಮತ್ತು ಏದುಸಿರು. ಒಂದು ಲೀಟರು ನೀರು ಮೈಯಿಂದ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಮೇಲಿನ ಲೆಕ್ಕದ ಪ್ರಕಾರ ಸ್ನಾಯುವಿನ ಶಾಖವೊಂದನ್ನೇ ಕಳೆಯಲು ಗಂಟೆಗೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಬೇಕು. ಮಳೆ ಬರುವ ಮುಂಚಿನ ಧಗೆಯ ದಿನ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಆರದ ಬೆವರು ತಂಪು ಕೊಡುವುದಿಲ್ಲ. ಆದುದರಿಂದ ಮೋಡ ಕವಿದ ದಿನ ಬಿಸಿಲು ಕಡಿಮೆ ಎಂದು ಇಡೀ ದಿನ ಹೂಡುವುದು ಕೆಲವೊಮ್ಮೆ ಬರಿಯ ಬಿಸಿಲಿಗಿಂತಲೂ ಕೇಡು ತರುತ್ತದೆ.

ಇನ್ನೊಂದು ವಿಷಯ. ಉಷ್ಣಮಾಪಕವನ್ನು ಗುದದ್ವಾರದಲ್ಲಿಟ್ಟು ನೋಡಿದಾಗ ಸಿಗುವುದು ದೇಹದ ಉಷ್ಣಾಂಶ. ದುಡಿಯುತ್ತಿರುವ ಸ್ನಾಯುವಿನ ಒಳಗಿನ ಉಷ್ಣಾಂಶ ಅದಕ್ಕಿಂತ ಒಂದು ಡಿಗ್ರಿಯಷ್ಟು ಅಥವಾ ಇನ್ನೂ ಹೆಚ್ಚು ಇರಬಹುದು. ಒಲೆಯ ಮೇಲಿನ ಪಾತ್ರೆಗಿಂತ ಒಲೆಯ ಒಳಗೆ ಬಿಸಿ ಹೆಚ್ಚು ತಾನೇ.

ಗಿಣ್ಣಿನಲ್ಲಿ ಆಗುವುದೇ ಸ್ನಾಯುವಿನಲ್ಲಿಯೂ

ಸ್ನಾಯುವಿನಲ್ಲಿ ನೂರಕ್ಕೆ ಸುಮಾರು 75 ಭಾಗ ನೀರು, 20 ಭಾಗ ಪ್ರೋಟೀನು. ಹಿಂದೆ ಸಸಾರಜನಕ ಎಂದು ಕರೆಯುತ್ತಿದ್ದುದು ಇದನ್ನೇ. ಪ್ರತಿಯೊಂದು ಪ್ರೋಟೀನೂ ಒಂದು ಉದ್ದನೆಯ ಸರ. ಆ ಸರ ತನ್ನದೇ ಆದ ರೀತಿಯಲ್ಲಿ ಮಡಿಚಿಕೊಂಡು ಒಂದು ನಿರ್ದಿಷ್ಟ ಆಕಾರ ಪಡೆದಿರುತ್ತದೆ. ಆಕಾರ ಸರಿಯಿದ್ದರೆ ಮಾತ್ರ ಅದರ ಕೆಲಸ ನಡೆಯುತ್ತದೆ. ಶಾಖ ಹೆಚ್ಚಿದಾಗ ಮಡಿಕೆಗಳು ಸಡಿಲಗೊಂಡು ಸರ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಸರಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಈದ ಹಸುವಿನ ಮೊದಲ ಹಾಲನ್ನು ಕಾಯಿಸಿದಾಗ ಗಿಣ್ಣಾಗಿ ಗಟ್ಟಿಯಾಗುವುದು ಇದೇ ರೀತಿ. ಜೀವಂತ ಸ್ನಾಯು ಗಿಣ್ಣಿನಂತೆ ಪೂರ್ತಿ ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ಸೂಕ್ಷ್ಮವಾದ ಕೆಲವು ಪ್ರೋಟೀನುಗಳು ಸಹಜ ಉಷ್ಣಾಂಶಕ್ಕಿಂತ ಮೂರು ನಾಲ್ಕು ಡಿಗ್ರಿ ಹೆಚ್ಚಾದರೂ ಸಡಿಲಗೊಳ್ಳತೊಡಗುತ್ತವೆ.

ಸ್ನಾಯು ಕುಗ್ಗಿ ಹಿಗ್ಗುವುದು ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಪ್ರೋಟೀನುಗಳ ಎಳೆಗಳು ಒಂದರ ಮೇಲೊಂದು ಜಾರುವುದರಿಂದ. ಈ ಎಳೆಗಳು ತಕ್ಕಮಟ್ಟಿಗೆ ಗಟ್ಟಿ. ಅವುಗಳಿಗಿಂತ ಬಹು ಬೇಗ ಸೋಲುವುದು ಸ್ನಾಯುವಿನ ಕ್ಯಾಲ್ಸಿಯಂ ಪಂಪು. ಕ್ಯಾಲ್ಸಿಯಂ ಬಿಡುಗಡೆಯಾದಾಗ ಸ್ನಾಯು ಬಿಗಿಯುತ್ತದೆ, ಅದನ್ನು ಈ ಪಂಪು ಮತ್ತೆ ಒಳಕ್ಕೆ ಎಳೆದುಕೊಂಡಾಗ ಸಡಿಲವಾಗುತ್ತದೆ. ಪಂಪು ಕೂಡ ಒಂದು ಪ್ರೋಟೀನೇ. ಶಾಖಕ್ಕೆ ಬಲು ಬೇಗ ಕೆಡುವಂಥದು. ಅದು ಕೆಟ್ಟರೆ ಕ್ಯಾಲ್ಸಿಯಂ ಹೊರಗೇ ಉಳಿಯುತ್ತದೆ, ಸ್ನಾಯು ಬಿಗಿದುಕೊಂಡೇ ಇರುತ್ತದೆ, ಬಿಗಿದಷ್ಟೂ ಶಾಖ ಹೆಚ್ಚುತ್ತದೆ. ಎತ್ತಿನ ಹಿಂಗಾಲು ಮರದಂತೆ ಸೆಟೆದುಕೊಳ್ಳುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಇದರೊಡನೆ ಜೀವಕೋಶದ ಶಕ್ತಿ ಉತ್ಪಾದಿಸುವ ಭಾಗಗಳಾದ ಮೈಟೊಕಾಂಡ್ರಿಯಗಳೂ ಏರುಪೇರಾಗಿ, ಪ್ರೋಟೀನುಗಳನ್ನು ಸುಡುವಂಥ ಆಮ್ಲಜನಕದ ಉಗ್ರ ರೂಪಗಳನ್ನು ಹೆಚ್ಚಾಗಿ ಹೊರಬಿಡುತ್ತವೆ.

ಹಣ್ಣುನೊಣದಲ್ಲಿ ಕಂಡ ಗುಟ್ಟು

ಕೆಟ್ಟ ಪ್ರೋಟೀನನ್ನು ದೇಹ ಹೇಗೆ ನಿಭಾಯಿಸುತ್ತದೆ ಎಂಬುದರ ಸುಳಿವು ಸಿಕ್ಕಿದ್ದು ಎತ್ತಿನಲ್ಲಲ್ಲ, ಕೊಳೆತ ಹಣ್ಣಿಗೆ ಮುತ್ತುವ ಪುಟ್ಟ ನೊಣದಲ್ಲಿ. ಇಟಲಿಯ ಫೆರುಚ್ಚೊ ರಿತೋಸಾ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ನೊಣದ ಮರಿಗಳನ್ನಿಟ್ಟಿದ್ದ ಪೆಟ್ಟಿಗೆಯ ಶಾಖವನ್ನು ಯಾರೋ ಸಹೋದ್ಯೋಗಿ ತಿಳಿಯದೆ ಏರಿಸಿದ್ದರು. ಮರಿಗಳ ವರ್ಣತಂತುಗಳಲ್ಲಿ ಎಂದೂ ಕಾಣದ ಕೆಲವು ಜಾಗಗಳು ಉಬ್ಬಿಕೊಂಡಿರುವುದು ರಿತೋಸಾ ಅವರ ಕಣ್ಣಿಗೆ ಬಿತ್ತು. ಉಬ್ಬುವುದೆಂದರೆ ಅಲ್ಲಿನ ಜೀನುಗಳು ಕೆಲಸಕ್ಕೆ ಇಳಿದಿವೆ ಎಂದರ್ಥ. ಈ ವಿಷಯ 1962ರಲ್ಲಿ ಪ್ರಕಟವಾಯಿತು. ಆ ಜೀನುಗಳಿಂದ ತಯಾರಾಗುವ ಪ್ರೋಟೀನುಗಳು ಪತ್ತೆಯಾದದ್ದು 1974ರಲ್ಲಿ. ಅವುಗಳಿಗೆ ಶಾಖಾಘಾತ ಪ್ರೋಟೀನುಗಳು ಎಂದು ಹೆಸರಾಯಿತು. ಮುಂದೆ ಸೂಕ್ಷ್ಮಜೀವಿಗಳಲ್ಲಿ, ರಾಗಿ ಜೋಳಗಳಲ್ಲಿ, ಕೋಳಿಯಲ್ಲಿ, ಎತ್ತಿನಲ್ಲಿ, ಮನುಷ್ಯನಲ್ಲಿ, ಹೀಗೆ ನೋಡಿದ ಕಡೆಯೆಲ್ಲ ಇವು ಸಿಕ್ಕವು.

ಇವುಗಳಲ್ಲಿ ಹೆಚ್ಚು ಪರಿಚಿತವಾದುದು ಎಚ್.ಎಸ್.ಪಿ. 70. ಇದು ದುರಸ್ತಿಗಾರ. ಬಿಚ್ಚಿಕೊಂಡ ಪ್ರೋಟೀನನ್ನು ಹಿಡಿದು, ಬೇರೆಯದಕ್ಕೆ ಅಂಟದಂತೆ ಕಾದು, ಮತ್ತೆ ಸರಿಯಾಗಿ ಮಡಿಚಿಕೊಳ್ಳಲು ಅವಕಾಶ ಮಾಡಿಕೊಡುತ್ತದೆ. ಸಿಕ್ಕಾದ ನೂಲಿನ ಲಡಿಯನ್ನು ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಬಿಡಿಸಿದ ಹಾಗೆ. ಸ್ನಾಯುವಿನಲ್ಲಿ ಇದು ಮೇಲೆ ಹೇಳಿದ ಕ್ಯಾಲ್ಸಿಯಂ ಪಂಪಿಗೂ ಅಂಟಿ ನಿಂತು ಅದು ಶಾಖಕ್ಕೆ ಕೆಡದಂತೆ ಕಾಪಾಡುತ್ತದೆ ಎಂಬುದು ಪ್ರಯೋಗಗಳಿಂದ ತಿಳಿದುಬಂದಿದೆ. ಎಚ್.ಎಸ್.ಪಿ. 90 ಮತ್ತು ಎಚ್.ಎಸ್.ಪಿ. 27 ಎಂಬ ಇನ್ನಿಬ್ಬರು ನೆರವಿಗಿರುತ್ತಾರೆ.

ದುರಸ್ತಿಗಾರರನ್ನು ಯಾವಾಗ ಹೆಚ್ಚಿಸಬೇಕೆಂಬುದು ಜೀವಕೋಶಕ್ಕೆ ಹೇಗೆ ತಿಳಿಯುತ್ತದೆ? ಏರ್ಪಾಡು ಸರಳವಾಗಿದೆ. ಎಚ್.ಎಸ್.ಎಫ್. 1 ಎಂಬ ಒಂದು ಪ್ರೋಟೀನು ಓಲೆಕಾರನಂತೆ ಇದೆ. ಕೆಲಸವಿಲ್ಲದ ಸಮಯದಲ್ಲಿ ದುರಸ್ತಿಗಾರರು ಇದನ್ನು ಹಿಡಿದು ಕೂರಿಸಿರುತ್ತಾರೆ. ಶಾಖದಿಂದ ಕೆಟ್ಟ ಪ್ರೋಟೀನುಗಳು ಹೆಚ್ಚಾದೊಡನೆ ದುರಸ್ತಿಗಾರರು ಅತ್ತ ಓಡುತ್ತಾರೆ, ಓಲೆಕಾರ ಬಿಡುಗಡೆಯಾಗುತ್ತಾನೆ. ಇಂಥ ಮೂರು ಓಲೆಕಾರರು ಒಟ್ಟುಗೂಡಿ ಜೀವಕೋಶದ ಕೇಂದ್ರಕ್ಕೆ ಹೋಗಿ ಶಾಖಾಘಾತ ಜೀನುಗಳನ್ನು ಎಬ್ಬಿಸುತ್ತಾರೆ. ಹೊಸ ದುರಸ್ತಿಗಾರರು ತಯಾರಾಗಿ, ಕೆಲಸ ಮುಗಿದು, ಕೈ ಬಿಡುವಾದಾಗ ಓಲೆಕಾರನನ್ನು ಮತ್ತೆ ಹಿಡಿದು ಕೂರಿಸುತ್ತಾರೆ.

ಇಲ್ಲಿ ರೈತರು ಮುಖ್ಯವಾಗಿ ಗಮನಿಸಬೇಕಾದದ್ದು ಸಮಯದ ಲೆಕ್ಕ. ಜೀನುಗಳು ಎದ್ದೇಳುವುದು ನಿಮಿಷಗಳಲ್ಲಿ. ಆದರೆ ಎಚ್.ಎಸ್.ಪಿ. 70 ಸ್ನಾಯುವಿನಲ್ಲಿ ಸಾಕಷ್ಟು ಸಂಗ್ರಹವಾಗಲು ಹಲವು ಗಂಟೆಗಳು ಬೇಕು. ಸಂಗ್ರಹವಾದದ್ದು ಕೆಲವು ದಿನ ಉಳಿದು ಕ್ರಮೇಣ ಇಳಿಯುತ್ತದೆ. ಆದುದರಿಂದ ಮಧ್ಯಾಹ್ನ ಕುಸಿದ ಎತ್ತನ್ನು ಬೇವಿನ ಮರದ ನೆರಳಿನಲ್ಲಿ ಒಂದು ಗಂಟೆ ನಿಲ್ಲಿಸಿ ಸಂಜೆಗೆ ಮತ್ತೆ ಹೂಡಿದರೆ, ಅದರ ಮೈ ತಣ್ಣಗಾಗಿರಬಹುದು, ಸ್ನಾಯುವಿನ ದುರಸ್ತಿ ಮಾತ್ರ ಆಗಿರುವುದಿಲ್ಲ.

ದುರಸ್ತಿಯ ಸಮಯದಲ್ಲಿ ಜೀವಕೋಶ ತನ್ನ ಮಾಮೂಲು ಪ್ರೋಟೀನುಗಳ ತಯಾರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸಿರುತ್ತದೆ ಎಂಬುದನ್ನೂ ನೆನಪಿಡಬೇಕು. ಮನೆಗೆ ಬೆಂಕಿ ಬಿದ್ದಾಗ ಯಾರೂ ಗೋಡೆಗೆ ಸುಣ್ಣ ಬಳಿಯುವುದಿಲ್ಲ. ಹೀಗಾಗಿ ಸುಡುಬೇಸಿಗೆಯಲ್ಲಿ ಕರುವಿನ ಬೆಳವಣಿಗೆಯೂ ಕೋಳಿಯ ತೂಕವೂ ಕುಂಠಿತವಾಗುತ್ತದೆ.

ದುರಸ್ತಿ ಮೀರಿದಾಗ ಮೈ ಕರಗುತ್ತದೆ

ಎಲ್ಲ ಪ್ರೋಟೀನುಗಳನ್ನೂ ಸರಿಮಾಡಲಾಗುವುದಿಲ್ಲ. ಕೈಮೀರಿ ಕೆಟ್ಟದ್ದಕ್ಕೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಚೀಟಿಯಂತೆ ಅಂಟಿಕೊಳ್ಳುತ್ತದೆ. ಚೀಟಿ ಬಿದ್ದದ್ದನ್ನು ಜೀವಕೋಶದ ಗಾಣದಂಥ ಒಂದು ಯಂತ್ರ ಪುಡಿಮಾಡುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಶಾಖದ ಒತ್ತಡ ದಿನಗಟ್ಟಲೆ ಮುಂದುವರಿದರೆ ಪುಡಿಮಾಡುವ ಕೆಲಸ ಕಟ್ಟುವ ಕೆಲಸವನ್ನು ಮೀರುತ್ತದೆ, ಮೈ ಇಳಿಯುತ್ತದೆ.

ಬೇಸಿಗೆಯಲ್ಲಿ ರಾಸು ಬಡವಾಗುವುದು ಮೇವು ತಿನ್ನದಿರುವುದರಿಂದ ಎಂದೇ ಬಹಳ ಕಾಲ ನಂಬಲಾಗಿತ್ತು. ಇದನ್ನು ಪರೀಕ್ಷಿಸಲು ವಿದೇಶಗಳಲ್ಲಿ ಹಾಲಿನ ಹಸುಗಳ ಮೇಲೆ ಒಂದು ಬಗೆಯ ಪ್ರಯೋಗ ನಡೆಸಲಾಯಿತು. ಬಿಸಿಯಲ್ಲಿದ್ದ ಹಸು ಎಷ್ಟು ತಿಂದಿತೋ ಅಷ್ಟನ್ನೇ ತಂಪಿನಲ್ಲಿದ್ದ ಹಸುವಿಗೂ ಕೊಡಲಾಯಿತು. ಮೇವಿನ ಕೊರತೆಯೇ ಕಾರಣವಾಗಿದ್ದರೆ ಎರಡರ ಹಾಲೂ ಒಂದೇ ಸಮನಾಗಿ ಇಳಿಯಬೇಕಿತ್ತು. ಹಾಗಾಗಲಿಲ್ಲ. ಹಾಲಿನ ಇಳಿಕೆಯಲ್ಲಿ ಮೇವಿನ ಕೊರತೆಯ ಪಾಲು ಹೆಚ್ಚೆಂದರೆ ಸುಮಾರು ಅರ್ಧದಷ್ಟು ಮಾತ್ರ ಎಂದು ಕಂಡುಬಂದಿತು. ಅಷ್ಟೇ ಅಲ್ಲ, ಬಿಸಿಯಲ್ಲಿದ್ದ ಹಸುವಿನ ರಕ್ತದಲ್ಲಿ ಯೂರಿಯಾ ಮೊದಲಾದ, ಸ್ನಾಯು ಕರಗುತ್ತಿರುವುದನ್ನು ಸೂಚಿಸುವ ವಸ್ತುಗಳು ಹೆಚ್ಚಾಗಿದ್ದವು. ಮಿಶ್ರತಳಿ ಹಸು ಸಾಕಿದವರು ಬೇಸಿಗೆಯಲ್ಲಿ ಹಿಂಡಿ ಹೆಚ್ಚಿಸಿದರೂ ಹಾಲು ಏರದೆ ಬೇಸರಪಡುವುದುಂಟು. ನೆರಳು ಮತ್ತು ನೀರಿಗೆ ಖರ್ಚು ಮಾಡದೆ ಹಿಂಡಿಗೆ ಮಾತ್ರ ಖರ್ಚು ಮಾಡಿದರೆ ಆ ಹಣದ ಒಂದು ಪಾಲು ವ್ಯರ್ಥವೇ ಸರಿ.

ಪೆಟ್ಟು ಇನ್ನೂ ತೀವ್ರವಾದರೆ ಸ್ನಾಯುವಿನ ಜೀವಕೋಶಗಳು ಒಡೆಯುತ್ತವೆ. ಒಳಗಿನ ಕೆಂಪು ಪ್ರೋಟೀನಾದ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಬೀಳುತ್ತದೆ. ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಹೋಗುವ ದಾರಿಯಲ್ಲಿ ಅದು ಮೂತ್ರಪಿಂಡಗಳನ್ನು ಕೆಡಿಸುವುದರಿಂದ, ಅಂದು ಬದುಕಿದ ಪ್ರಾಣಿ ಎರಡು ಮೂರು ದಿನಗಳ ನಂತರ ಸಾಯುವ ಸಂಭವವೂ ಇದೆ.

ಶಾಖಕ್ಕೆ ಪಳಗಿಸುವುದು

ಇಷ್ಟು ಹೊತ್ತು ಹೇಳಿದ್ದು ಶಾಖದ ಕೇಡು. ಇದರಲ್ಲಿಯೇ ಒಂದು ಉಪಕಾರವೂ ಅಡಗಿದೆ. ಸ್ವಲ್ಪ ಮಟ್ಟಿನ ಶಾಖಕ್ಕೆ ಒಡ್ಡಿದ ಸ್ನಾಯುವಿನಲ್ಲಿ ದುರಸ್ತಿಗಾರ ಪ್ರೋಟೀನುಗಳು ಮೊದಲೇ ಸಂಗ್ರಹವಾಗಿರುತ್ತವೆ. ಮುಂದೆ ಬರುವ ದೊಡ್ಡ ಪೆಟ್ಟನ್ನು ಅಂಥ ಸ್ನಾಯು ತಡೆದುಕೊಳ್ಳುತ್ತದೆ. ಇಲಿಗಳ ಮೈಯನ್ನು ಮಿತವಾಗಿ ಬಿಸಿಮಾಡಿ ಅನಂತರ ಹಿಂಗಾಲುಗಳಿಗೆ ಕೆಲಸವಿಲ್ಲದಂತೆ ಮಾಡಿದಾಗ, ಬಿಸಿಮಾಡದ ಇಲಿಗಳಿಗಿಂತ ಅವುಗಳ ಸ್ನಾಯು ಕಡಿಮೆ ಕರಗಿದ್ದು ಕಂಡುಬಂದಿದೆ. ಬೆಳೆಗಳಿಗೂ ಈ ಮಾತು ಸಲ್ಲುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಸೂರ್ಯಕಾಂತಿ ಮೊದಲಾದ ಬೆಳೆಗಳ ಮೊಳಕೆಗಳನ್ನು ಮೊದಲು ಹದವಾದ ಶಾಖಕ್ಕೆ ಪಳಗಿಸಿ, ಅನಂತರ ಮಾರಕ ಶಾಖಕ್ಕೆ ಒಡ್ಡಿ, ಬದುಕಿದವುಗಳಿಂದ ಶಾಖ ಸಹಿಸುವ ತಳಿಗಳನ್ನು ಆರಿಸುವ ವಿಧಾನವನ್ನು ರೂಪಿಸಲಾಗಿದೆ. ಪಳಗಿಸದೆ ನೇರವಾಗಿ ಮಾರಕ ಶಾಖಕ್ಕಿಟ್ಟರೆ ಒಳ್ಳೆಯ ಮೊಳಕೆಯೂ ಸತ್ತುಹೋಗುತ್ತದೆ.

ಎತ್ತಿಗೂ ಹೀಗೆಯೇ. ದಿನದಿನವೂ ಸ್ವಲ್ಪ ಸ್ವಲ್ಪ ಕೆಲಸ ಹೆಚ್ಚಿಸುತ್ತಾ ಹೋದರೆ ಸುಮಾರು ಒಂದರಿಂದ ಎರಡು ವಾರಗಳಲ್ಲಿ ಮೈ ಶಾಖಕ್ಕೆ ಒಗ್ಗುತ್ತದೆ. ಎರಡು ಮೂರು ವಾರ ಪೂರ್ತಿ ಕೆಲಸ ಬಿಟ್ಟರೆ ಈ ಒಗ್ಗುವಿಕೆಯ ಬಹುಭಾಗ ಕಳೆದುಹೋಗುತ್ತದೆ. ಕಳೆದ ವರ್ಷ ಇದೇ ಎತ್ತು ಇದೇ ಹೊಲವನ್ನು ಉತ್ತಿತ್ತು ಎಂಬುದು ಈ ವರ್ಷದ ಮೊದಲ ದಿನಕ್ಕೆ ಭರವಸೆಯಾಗಲಾರದು.

ತಳಿಯ ಗುಣವೂ ಇಲ್ಲಿ ಬರುತ್ತದೆ. ನಮ್ಮ ಡುಬ್ಬದ ರಾಸುಗಳಿಗೆ ಬೆವರು ಗ್ರಂಥಿಗಳು ಹೆಚ್ಚು, ಮೈಯಲ್ಲಿ ಉತ್ಪತ್ತಿಯಾಗುವ ಶಾಖ ಕಡಿಮೆ. ಇದಲ್ಲದೆ ಅವುಗಳ ಜೀವಕೋಶಗಳೇ ಶಾಖಕ್ಕೆ ಹೆಚ್ಚು ಗಟ್ಟಿ. ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಪ್ರಯೋಗಗಳಲ್ಲಿ ಬ್ರಾಹ್ಮನ್ ತಳಿಯ ಜೀವಕೋಶಗಳು ಯೂರೋಪಿನ ತಳಿಗಳವುಗಳಿಗಿಂತ ಶಾಖವನ್ನು ಚೆನ್ನಾಗಿ ತಾಳಿಕೊಂಡವು. ಆ ಬ್ರಾಹ್ಮನ್ ತಳಿ ರೂಪುಗೊಂಡದ್ದು ಭಾರತದಿಂದ ಹೋದ ಕಾಂಕ್ರೇಜ್, ಓಂಗೋಲ್, ಗಿರ್ ರಾಸುಗಳಿಂದ. ನಮ್ಮ ಕೃಷ್ಣಾ ಕಣಿವೆ ತಳಿಯ ಪಾಲೂ ಅದರಲ್ಲಿದೆ. ಆ ತಳಿ ತನ್ನ ಸ್ವಂತ ನೆಲದಲ್ಲಿಯೇ ವಿರಳವಾಗಿರುವುದು ಖೇದದ ಸಂಗತಿ. ಕೋಣ, ಎಮ್ಮೆಗಳ ವಿಷಯ ಬೇರೆ. ಬೆವರು ಗ್ರಂಥಿಗಳು ಬಹಳ ವಿರಳ, ಚರ್ಮ ಕಪ್ಪು. ಕೆಸರುಗದ್ದೆಯಲ್ಲಿ ಚೆನ್ನಾಗಿ ದುಡಿಯುವ ಕೋಣವನ್ನು ಒಣಹೊಲದ ಬಿಸಿಲಿನಲ್ಲಿ ಎತ್ತಿನ ಸಮಕ್ಕೆ ದುಡಿಸಲಾಗದು.

ಮಾಂಸದ ಕೋಳಿಗಳು ಎಲ್ಲಕ್ಕಿಂತ ಸುಕುಮಾರ. ಅವುಗಳಿಗೆ ಬೆವರು ಗ್ರಂಥಿಗಳೇ ಇಲ್ಲ, ವೇಗವಾಗಿ ಬೆಳೆಯುವ ಎದೆಯ ಸ್ನಾಯು ತಾನೇ ಸಾಕಷ್ಟು ಶಾಖ ಹೊರಡಿಸುತ್ತದೆ. ಸುಡುಬಿಸಿಲಿನಲ್ಲಿ ಸಾಗಿಸಿದ ಕೋಳಿಯ ಮಾಂಸ ಬಿಳಿಚಿಕೊಂಡು, ನೀರು ಬಿಟ್ಟು ಮೆತ್ತಗಾಗುವುದಕ್ಕೆ ಕಾರಣ ಅದರ ಮಯೋಸಿನ್ ಬಿಸಿ ಮತ್ತು ಆಮ್ಲಗಳ ಜಂಟಿ ಹೊಡೆತಕ್ಕೆ ಕೆಟ್ಟಿರುವುದು. ಇಸ್ರೇಲಿನಲ್ಲಿ 1990ರ ದಶಕದಲ್ಲಿ ಐದು ದಿನದ ಮರಿಗಳನ್ನು ಒಂದು ದಿನ ಸುಮಾರು 36° ಸೆಂ. ಶಾಖದಲ್ಲಿಟ್ಟು ಪಳಗಿಸಿದಾಗ, ಮಾರಾಟದ ವಯಸ್ಸಿನಲ್ಲಿ ಅವು ಶಾಖವನ್ನು ಹೆಚ್ಚು ಸಹಿಸಿದವು. ಶಾಖ ಸ್ವಲ್ಪ ಮೀರಿದರೂ ಮರಿಗಳು ಸಾಯುವುದರಿಂದ ತಜ್ಞರ ನೆರವಿಲ್ಲದೆ ಇದನ್ನು ಮಾಡಲು ಹೋಗಬಾರದು. ಬಿಸಿ ಹೊತ್ತಿನಲ್ಲಿ, ಅಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಆಹಾರ ನಿಲ್ಲಿಸಿ ತಣ್ಣನೆಯ ನೀರು ಕೊಡುವುದು ಯಾರೂ ಮಾಡಬಹುದಾದ ಕೆಲಸ.

ಹೂಡುವ ಮೊದಲು, ಬಿಟ್ಟ ಮೇಲೆ

ಉಳುಮೆ ಆರಂಭಿಸುವ ಹತ್ತು ಹನ್ನೆರಡು ದಿನ ಮುಂಚೆಯೇ ಎತ್ತುಗಳನ್ನು ಹಗುರ ಕೆಲಸಕ್ಕೆ ಹಚ್ಚಬೇಕು. ಮೊದಲ ದಿನಗಳಲ್ಲಿ ಬೆಳಿಗ್ಗೆ ಒಂದು ಗಂಟೆ ಖಾಲಿ ಗಾಡಿ ಎಳೆಸಿದರೆ ಸಾಕು. ಅನಂತರ ದಿನಕ್ಕೆ ಅರ್ಧ ಗಂಟೆಯಂತೆ ಏರಿಸುತ್ತಾ ಹೋಗಬಹುದು. ನಸುಕಿನಲ್ಲಿ ಹೂಡಿ ಹತ್ತು ಗಂಟೆಯೊಳಗೆ ಬಿಡುವ ಹಿರಿಯರ ಪದ್ಧತಿಗೆ ಈಗ ಹೇಳಿದ ವಿಜ್ಞಾನದ ಬೆಂಬಲ ಪೂರ್ತಿಯಾಗಿದೆ. ತೊಂದರೆ ಬರುವುದು ಬಾಡಿಗೆ ಎತ್ತುಗಳ ವಿಷಯದಲ್ಲಿ. ದಿನದ ಲೆಕ್ಕದಲ್ಲಿ ಬಾಡಿಗೆ ಗೊತ್ತು ಮಾಡಿದಾಗ ಮಧ್ಯಾಹ್ನದವರೆಗೂ ಎಳೆಸುವ ಆಸೆ ಸಹಜ. ಎಕರೆಯ ಲೆಕ್ಕದಲ್ಲಿ ಗೊತ್ತು ಮಾಡಿಕೊಂಡರೆ ಇಬ್ಬರಿಗೂ ಒಳ್ಳೆಯದು, ಎತ್ತಿಗೂ.

ಹೂಡುವ ಮೊದಲು, ನಡುವೆ ಮತ್ತು ಬಿಟ್ಟ ಮೇಲೆ ಬೇಕಾದಷ್ಟು ನೀರು ಕುಡಿಯಲು ಬಿಡಬೇಕು. ದಿನಕ್ಕೆ 30ರಿಂದ 40 ಗ್ರಾಂ. ಅಡಿಗೆ ಉಪ್ಪನ್ನು ಬೂಸಾ ಅಥವಾ ಕಲಗಚ್ಚಿನಲ್ಲಿ ಬೆರೆಸಿ ಕೊಡಬೇಕು. ಮೇವು ಜೀರ್ಣವಾಗುವಾಗಲೂ ಶಾಖ ಹುಟ್ಟುವುದರಿಂದ ಹೆಚ್ಚಿನ ಪಾಲನ್ನು ಸಂಜೆ ಮತ್ತು ರಾತ್ರಿ ಹಾಕುವುದು ಲೇಸು. ದುರಸ್ತಿ ನಡೆಯುವುದೂ ರಾತ್ರಿಯ ತಂಪಿನಲ್ಲಿಯೇ. ಅದಕ್ಕೆ ಬೇಕಾದ ಕಚ್ಚಾವಸ್ತು ಶೇಂಗಾ ಹಿಂಡಿ, ಹುರುಳಿ, ಹಸಿರು ಮೇವಿನಿಂದ ಬರಬೇಕು. ಬರಿಯ ಕಣಿಕೆಯಿಂದ ಅದು ದೊರೆಯದು. ಬಿಸಿ ಹೊರಬಿಡುವ ತಗಡಿನ ಕೊಟ್ಟಿಗೆಯಲ್ಲಿ ಕಟ್ಟಿದರೆ ರಾತ್ರಿಯೂ ಮೈ ಆರುವುದಿಲ್ಲ. ಅದಕ್ಕಿಂತ ಬಯಲಿನಲ್ಲಿ ಕಟ್ಟುವುದು ಮೇಲು.

ಎತ್ತು ನಿಮಿಷಕ್ಕೆ 80ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಕೂಡಲೇ ನೊಗ ಇಳಿಸಬೇಕು. ಬಾಯಿ ತೆರೆದು ನಾಲಿಗೆ ಚಾಚಿದ್ದರೆ ಈಗಾಗಲೇ ತಡವಾಗಿದೆ ಎಂದು ತಿಳಿಯಬೇಕು. ನೆರಳಿಗೆ ಸಾಗಿಸಿ, ಕುತ್ತಿಗೆ, ಪಕ್ಕೆ, ತೊಡೆಗಳ ಮೇಲೆ ನಿಲ್ಲಿಸದೆ ನೀರು ಸುರಿದು ಗಾಳಿ ಬೀಸಬೇಕು. ಒದ್ದೆ ಗೋಣಿಚೀಲ ಹೊದಿಸಿ ಬಿಟ್ಟರೆ ಅದೇ ಬಿಸಿಯಾಗಿ ಶಾಖವನ್ನು ಹಿಡಿದಿಡುತ್ತದೆ. ಏದುಸಿರು ಬಿಡುವ ಎತ್ತಿಗೆ ಗೊಟ್ಟದಿಂದ ನೀರು ಹಾಕಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ, ತಾನಾಗಿ ಕುಡಿಯಲಿ. ಮೂತ್ರ ಕಂದಾಗಿದ್ದರೆ ಅಥವಾ ಕಾಲು ಬಿಗಿದಿದ್ದರೆ ಅಂದೇ ಪಶುವೈದ್ಯರನ್ನು ಕರೆಸಬೇಕು. ಚೇತರಿಸಿಕೊಂಡ ಎತ್ತನ್ನು ಕಡೆಯ ಪಕ್ಷ ಒಂದು ವಾರ ಹೂಡದೆ, ಮತ್ತೆ ಮೊದಲಿನಿಂದ ಸ್ವಲ್ಪ ಸ್ವಲ್ಪವಾಗಿ ಪಳಗಿಸಬೇಕು.

ನೇಗಿಲ ಹಿಂದೆ ನಡೆಯುವವನ ಸ್ನಾಯುಗಳೂ ಇದೇ ಪ್ರೋಟೀನುಗಳಿಂದಾದವು. ಬಿಸಿಲಿನ ಕೆಲಸದಲ್ಲಿ ಸಾವುಗಳು ಹೆಚ್ಚಾಗಿ ಸಂಭವಿಸುವುದು ಹೊಸಬರಿಗೆ, ಅದೂ ಮೊದಲ ಕೆಲವು ದಿನಗಳಲ್ಲಿ. ಆದುದರಿಂದ ಊರಿಗೆ ಹಿಂತಿರುಗಿ ಬಂದ ಮಗನನ್ನಾಗಲೀ ಹೊಸ ಆಳನ್ನಾಗಲೀ ಮೊದಲ ದಿನ ಪೂರ್ತಿ ಕೆಲಸದ ಐದನೇ ಒಂದು ಭಾಗಕ್ಕಿಂತ ಹೆಚ್ಚು ದುಡಿಸದೆ, ದಿನಕ್ಕೆ ಅಷ್ಟಷ್ಟೇ ಏರಿಸಬೇಕು. ಉಪ್ಪು ಹಾಕಿದ ಮಜ್ಜಿಗೆ, ನೀರು ಹೊಲದಲ್ಲಿಯೇ ಇರಲಿ. ಮಾತು ತೊದಲಿದರೆ, ದಿಕ್ಕುತಪ್ಪಿದಂತೆ ವರ್ತಿಸಿದರೆ ಜ್ವರದ ಮಾತ್ರೆ ನುಂಗಿಸಿ ಕಾಯಬಾರದು. ಈ ಬಿಸಿ ಜ್ವರವಲ್ಲ, ಮಾತ್ರೆಗೆ ಇಳಿಯುವುದಿಲ್ಲ. ಅಲ್ಲಿಯೇ ಮೈತುಂಬ ನೀರು ಸುರಿದು ತಣ್ಣಗೆ ಮಾಡುತ್ತಾ ಆಸ್ಪತ್ರೆಗೆ ಒಯ್ಯಬೇಕು. ಮೈಕೈ ನೋವಿನೊಡನೆ ಮೂತ್ರ ಕಾಫಿ ಬಣ್ಣದ್ದಾಗಿದ್ದರೆ, ಮನುಷ್ಯ ಎದ್ದು ಓಡಾಡುತ್ತಿದ್ದರೂ ಸರಿಯೆ, ಅದೇ ದಿನ ವೈದ್ಯರಿಗೆ ತೋರಿಸಬೇಕು.